ಚಿತ್ರದ ಬೆನ್ನು

ನಮ್ಮ ಮನೆಗೆ ಬಂದರೆ ಅವರು ಕೈಗೆ ಸಿಕ್ಕಿದ್ದನ್ನು ಮೊದಲು ತಿರುವಿ ನೋಡುತ್ತಿದ್ದರು. ಉಪ್ಪಿಟ್ಟು ಹಾಕಿಕೊಟ್ಟರೆ ತಿಂದು ಮುಗಿಸಿ ತಟ್ಟೆಯ ತಳ ನೋಡುವರು. ಅಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರನ್ನು ಬೆಳಕಿಗೆ ಹಿಡಿದು ಓದಿ, "ಇದು ಯಾರು, ನಿನ್ನ ಅಜ್ಜಿಯಾ? ಮದುವೆಗೆ ಕೊಟ್ಟದ್ದಾ?" ಎಂದು ಕೇಳುವರು. ಹೊಸ ಸೀರೆ ತೋರಿಸಿದರೆ ಸೆರಗಿನ ಒಳಮೈ ನೋಡಿ, ನೂಲು ಎಲ್ಲಿ ಗಂಟು ಹಾಕಿದ್ದಾರೆಂದು ಬೆರಳಿನಿಂದ ಹುಡುಕುವರು. ಗೋಡೆಯ ಕ್ಯಾಲೆಂಡರನ್ನೂ ಬಿಟ್ಟವರಲ್ಲ. ಸಂಜೆ ಆಫೀಸಿನಿಂದ ಬಂದ ನಮ್ಮವರು ಅವರ ಚಪ್ಪಲಿಯನ್ನು ಬಾಗಿಲಲ್ಲಿ ಕಂಡರೆ, "ನಿಮ್ಮಕ್ಕ ಬಂದಿದಾರೆ ಅಂದ್ರೆ ನಾನು ಗೋಡೆಗೊರಗಿ ಕೂತ್ಕೋಬೇಕು. ನನ್ನ ಬೆನ್ನಲ್ಲೂ ಏನಾದ್ರೂ ಬರೆದಿದೆಯಾ ಅಂತ ನೋಡಿಬಿಟ್ಟಾರು" ಎಂದು ಮೆಲ್ಲಗೆ ಹೇಳುತ್ತಿದ್ದರು.

ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಅವರು ಆರ್ಟಿಸ್ಟ್ ಬಾಯಿ. ನನಗೆ ಅಕ್ಕ. ಮೂರನೇ ಮಾಳಿಗೆಯಲ್ಲಿ ಒಂದು ರೂಮು, ಒಂದು ಅಡುಗೆಮನೆಯಲ್ಲಿ ಒಬ್ಬರೇ ಇದ್ದರು. ಉಡುಪಿ ಕಡೆಯವರು. ಅಣ್ಣ ಘಾಟ್ಕೋಪರಿನಲ್ಲಿ ಹೋಟೆಲಿಟ್ಟಿದ್ದರು. ಅವರೇ ಓದಿಸಲೆಂದು ಕರೆಸಿಕೊಂಡದ್ದು. ಡ್ರಾಯಿಂಗ್ ಕಲಿತು ದಾದರಿನ ಒಂದು ಜಾಹೀರಾತು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದವರು ಅಲ್ಲೇ ತಲೆ ನರೆಸಿದರು. ಸೋಪಿನ ಪೊಟ್ಟಣ, ಔಷಧಿಯ ಡಬ್ಬಿ, ಬಿಸ್ಕತ್ತಿನ ಹೊದಿಕೆ, ಸೀರೆ ಅಂಗಡಿಯ ಜಾಹೀರಾತು ಇವೆಲ್ಲಕ್ಕೆ ಅಕ್ಷರ ಕತ್ತರಿಸಿ, ಚಿತ್ರ ಬರೆದು, ರಟ್ಟಿನ ಮೇಲೆ ಅಂಟಿಸಿ ಪ್ರೆಸ್ಸಿಗೆ ಕಳಿಸುವುದು ಅವರ ಕೆಲಸ. ಅಂಟಿಸುವ ರಬ್ಬರ್ ಸೊಲ್ಯೂಷನ್ನಿನ ವಾಸನೆ ಅವರ ಹತ್ತಿ ಸೀರೆಗೆ ಶಾಶ್ವತವಾಗಿ ಹಿಡಿದಿತ್ತು. ಮಾತಾಡುತ್ತಾ ಬೆರಳ ತುದಿಯಲ್ಲಿ ಒಣಗಿದ ಅಂಟನ್ನು ಉಂಡೆ ಮಾಡಿ ಮಾಡಿ ತೆಗೆಯುವರು. ಅವರು ಎದ್ದುಹೋದ ಮೇಲೆ ನಾನು ಕುರ್ಚಿಯ ಕೆಳಗೆ ಸಾಸಿವೆಯಂಥ ಕಾಳುಗಳನ್ನು ಗುಡಿಸುತ್ತಿದ್ದೆ. ಬಡಗಿಯ ಹಾಗೆ ಕಿವಿಯ ಮೇಲೆ ಪೆನ್ಸಿಲ್ ಸದಾ ಇರುತ್ತಿತ್ತು. ಹಾಗೆಯೇ ಲೋಕಲ್ ಹತ್ತಿ ಹೋಗಿಬಿಟ್ಟ ದಿನಗಳೂ ಉಂಟು.

ಪರಿಚಯವಾದದ್ದು ಮೆಟ್ಟಿಲ ಮೇಲೆ. ನಾನು ಮೈಸೂರು ಕಡೆಯಿಂದ ಮದುವೆಯಾಗಿ ಬಂದ ಹೊಸತು. ಅತ್ತೆಯ ಜೊತೆ ಮಾತಾಡುತ್ತಾ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದೆ. ಇಳಿಯುತ್ತಿದ್ದ ಅವರು ನಿಂತರು.

"ಮೈಸೂರಿನವರಾ? ಮಾತು ಕೇಳುವಾಗಲೇ ಗೊತ್ತಾಯ್ತು. ಎಂತ ಮೆತ್ತಗೆ ಮಾತಾಡ್ತೀರಿ ಮಾರಾಯ್ತಿ."

ಅತ್ತೆ ಅವರ ಮುಖ ನೋಡಿ, "ನಿಮ್ಮದೇನಮ್ಮ, ಪುಸ್ತಕ ಓದಿದ ಹಾಗಿದೆ" ಎಂದರು. ಅಲ್ಲಿಂದ ಅವರಿಬ್ಬರಿಗೂ ಇದೊಂದು ಆಟವಾಯಿತು. ಅಕ್ಕ ಬಾಗಿಲು ತಟ್ಟಿದರೆ ಅತ್ತೆ ಒಳಗಿನಿಂದಲೇ, "ಪುಸ್ತಕ ಬಂತು ನೋಡೇ" ಎನ್ನುವರು.

ಒಂದು ಭಾನುವಾರ ಅವರ ಜೊತೆ ಘಾಟ್ಕೋಪರಿನ ಹೋಟೆಲಿಗೆ ಹೋಗಿದ್ದೆ. ಗಲ್ಲಾದ ಹಿಂದೆ ಒಂದು ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ತಾರೀಖಿನ ಹಾಳೆಗಳೆಲ್ಲ ಹೋಗಿ ಬರೀ ಚಿತ್ರ, ಫ್ರೇಮು ಹಾಕಿಸಿಟ್ಟಿತ್ತು. ಊದುಬತ್ತಿಯ ಹೊಗೆಗೆ ಗಾಜು ಕಂದಾಗಿತ್ತು. ಅವರಣ್ಣ ನನಗೆ ಕಾಫಿ ತರಿಸಿ, "ಇದು ನಮ್ಮ ತಂಗಿ ಬರೆದದ್ದು" ಎಂದರು. ನಾನು ಹತ್ತಿರ ಹೋಗಿ ನೋಡಿದೆ. ಕೆಳಗೆ ಇಂಗ್ಲಿಷಿನಲ್ಲಿ ಬೇರೆ ಯಾರದೋ ಸಹಿ. ನಾನು ಸಹಿ ನೋಡಿದ್ದು ಅಣ್ಣನಿಗೆ ತಿಳಿಯಿತು. "ಎಲ್ಲರೂ ಹೀಗೇ ನೋಡುವುದು. ನಾನು ಹೇಳ್ತೇನೆ, ಅವರು ಸಹಿ ನೋಡ್ತಾರೆ, ಸುಮ್ಮನಾಗ್ತಾರೆ" ಎಂದರು. "ನಮ್ಮ ಅಮ್ಮ ಊರಲ್ಲಿ ಇದನ್ನೇ ಹಾಕಿಕೊಂಡಿದ್ದರು. ಮಗಳು ಬರೆದದ್ದು ಅಂತ ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟರು."

ಹಿಂದಿರುಗುವಾಗ ರೈಲಿನಲ್ಲಿ ಅಕ್ಕ ತಾವಾಗಿಯೇ ಹೇಳಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಲಕ್ಷ್ಮಿಯನ್ನು ಬರೆದು ಕೊಟ್ಟಿದ್ದಾರೆ, ಅಚ್ಚಾಗಿ ಬಂದಾಗ ಕೆಳಗೆ ಯಜಮಾನರ ಸಹಿ. ಹೋಗಿ ಕೇಳಿದರೆ ಆತ ನಕ್ಕು, ಸ್ಟುಡಿಯೋ ಅಂದರೆ ನಾವೆಲ್ಲ ಅಲ್ಲವಾ, ನೀನೂ ಅದರಲ್ಲೇ ಬಂದೆಯಲ್ಲ ಎಂದನಂತೆ. "ನಾನು ಸರಿ ಅಂದು ಬಂದೆ. ಸರಿ ಅಂತಲೇ ಕಂಡಿತು ಆಗ. ಆಮೇಲೆ ಅಮ್ಮನ ಕಾಗದ ಬಂತು, ನಿನ್ನ ಹೆಸರು ಯಾವ ಮೂಲೆಯಲ್ಲಿ ಉಂಟು, ಯಾರಿಂದ ಓದಿಸಿದರೂ ಸಿಗುವುದಿಲ್ಲ ಅಂತ." ಇಷ್ಟು ಹೇಳಿ, ಗಾಡಿ ಬದಲಿಸುವ ದಾದರ್ ಬಂತೆಂದು ಎದ್ದರು.

ಚಿತ್ರದ ಬೆನ್ನ ಮೇಲೆ ಬರೆಯುವ ಅವರ ಅಭ್ಯಾಸಕ್ಕೆ ಇದೇ ಮೂಲವೋ ಏನೋ. ಸ್ಟುಡಿಯೋ ಕೆಲಸವಲ್ಲದೆ, ರಜೆಯಲ್ಲಿ ಮನೆಯಲ್ಲಿ ತಮಗಾಗಿ ಒಂದಷ್ಟು ಚಿತ್ರ ಮಾಡುತ್ತಿದ್ದರು. ಬರೀ ಬಣ್ಣದ ಚಿತ್ರಗಳಲ್ಲ. ಬಟ್ಟೆಯ ಚೂರು, ಮುಗಿದುಹೋದ ರೈಲ್ವೆ ಪಾಸು, ಬಾಳೆಲೆಯ ನಾರಿನ ಅಚ್ಚು, ಹೀಗೆ ಏನೇನೋ ಸೇರಿಸಿ ಅಂಟಿಸಿ, ಮೇಲೆ ಬಣ್ಣ ಹಚ್ಚಿದ್ದು. ಒಂದೊಂದರ ಹಿಂದೆಯೂ ಯಾವುದನ್ನು ಎಲ್ಲಿಂದ ತಂದದ್ದು, ಯಾರದ್ದು, ಯಾವ ಸಾಮಾನಿನಿಂದ ಮಾಡಿದ್ದು ಎಂದು ಕನ್ನಡದಲ್ಲಿ, ಸಣ್ಣ ಅಕ್ಷರದಲ್ಲಿ ಬರೆಯುವರು. ಪೆನ್ಸಿಲೇ ಆಗಬೇಕು. "ಶಾಯಿ ಒಂದು ದಿನ ಹೋಗ್ತದೆ. ಪೆನ್ಸಿಲ್ ಹೋಗುವುದಿಲ್ಲ, ಯಾರಾದರೂ ಉಜ್ಜಿದರೆ ಮಾತ್ರ." ಒಂದರ ಹಿಂದೆ ನಾನೇ ಓದಿದ್ದೆ: "ಅಂಚು, ಎರಡನೇ ಮಾಳಿಗೆಯ ಆಯಿಯ ಒಂಬತ್ತು ಗಜದ ಸೀರೆಯಿಂದ, ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದದ್ದು. ಕೇಳಿ ತಂದೆ, ಹಿಂದೆ ಕೊಟ್ಟೆ. ಕಂದು ಬಣ್ಣ, ಅಣ್ಣನ ಹೋಟೆಲಿನ ಕಾಫಿ ಸೋಸುವ ಬಟ್ಟೆ. ಎಡಗಡೆ ಅಂಟು ಹೆಚ್ಚಾಗಿ ಸುಕ್ಕು ಬಂದಿದೆ, ನನ್ನ ತಪ್ಪು."

ತಪ್ಪನ್ನೂ ಯಾಕೆ ಬರೆಯಬೇಕು ಎಂದು ಕೇಳಿದ್ದಕ್ಕೆ, "ಅದೂ ನನ್ನದೇ ಅಲ್ವಾ" ಎಂದಿದ್ದರು.

ಫ್ರೇಮು ಹಾಕುವವನಿಗೂ ಅವರಿಗೂ ಪ್ರತಿ ಸಲವೂ ಜಗಳ. ಹುಳ ಹೋಗದ ಹಾಗೆ ಹಿಂದೆ ಕಂದು ಕಾಗದ ಅಂಟಿಸಿ ಕೊಡುವುದು ಅವನ ಪದ್ಧತಿ. ಇವರು ಅಂಗಡಿಯಲ್ಲೇ ಕಾಗದವನ್ನು ಕಿತ್ತು ಅವನ ಕೈಗೆ ಕೊಟ್ಟು ಬರುವರು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅವರ ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಏಸಿ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. "ದೇವರ ಕೋಣೆಯೇ ಸೈ. ಆರತಿ ಒಂದು ಬಾಕಿ" ಎಂದು ಅಕ್ಕ ಬಂದು ನಗುತ್ತಿದ್ದರು. ಅವರ ವಯಸ್ಸಿನ ಉಳಿದವರು ಆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಅನ್ನ ಕಿತ್ತುಕೊಳ್ಳಲು ಬಂದದ್ದೆಂದು ಸಿಟ್ಟು. ಇವರು ಊಟದ ಹೊತ್ತಿನಲ್ಲಿ ಡಬ್ಬಿಯನ್ನು ಬೇಗ ಮುಗಿಸಿ, ಕೈ ತೊಳೆದು ಒರೆಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರತೊಡಗಿದರು. ಕಲಿತರು. ಅದಕ್ಕೆ ಜೋಡಿಸುವ ಒಂದು ಕೈ ಸ್ಕ್ಯಾನರ್ ಇತ್ತಂತೆ. ಅಂಗೈಯಗಲದ್ದು, ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ ಹಿಡಿದು ಚಿತ್ರದ ಮೇಲೆ ಮೆಲ್ಲಗೆ ಎಳೆದರೆ ಆ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಕೈ ಸ್ವಲ್ಪ ಓಡಿದರೆ ಕುಗ್ಗುತ್ತದೆ, ತಡೆದರೆ ಹಿಗ್ಗುತ್ತದೆ. ಅಗಲದ ಚಿತ್ರವಾದರೆ ಪಟ್ಟಿಪಟ್ಟಿಯಾಗಿ ಎಳೆದು ಆಮೇಲೆ ಜೋಡಿಸಬೇಕು. ಅಕ್ಕ ನಮ್ಮ ಊಟದ ಮೇಜಿನ ಮೇಲೆ ಸಾಬೂನಿನ ಡಬ್ಬಿ ಹಿಡಿದು ಎಳೆದು ತೋರಿಸಿದ್ದರು. "ದೋಸೆ ಎರೆಯುವವನ ಕೈ ಬೇಕು ಇದಕ್ಕೆ" ಎಂದರು.

ಅವರು ನಮ್ಮ ಬಾಗಿಲ ರಂಗೋಲಿಯ ಮುಂದೆ ನಿಂತದ್ದು ಇದೇ ದಿನಗಳಲ್ಲಿ.

ಇಲ್ಲಿ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ ಹೊಸಿಲಿಗೆ ರಂಗೋಲಿ ಹಾಕುವುದನ್ನು ಬಿಟ್ಟಿದ್ದರು. ಬೇಡವೆಂದು ಯಾರೂ ಹೇಳಿರಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತಾವು ಒಳಗೆ ಮಣೆಯ ಮೇಲೆ ಕುಳಿತು, ಗೆರೆ ಎಲ್ಲಿಂದ ಎಲ್ಲಿಗೆ ಎಂದು ಬಾಯಲ್ಲಿ ಹೇಳುವರು. ನನ್ನ ಬೆರಳಿನಿಂದ ಪುಡಿ ಒಮ್ಮೆ ಸುರಿಯುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಆದರೂ ಪ್ರತಿ ಬೆಳಿಗ್ಗೆ ಕೊನೆಗೆ ಒಳಗಿನಿಂದ ಒಂದು ಪ್ರಶ್ನೆ ಬರುವುದು ತಪ್ಪುತ್ತಿರಲಿಲ್ಲ: "ನಡುವೆ ಕುಂಕುಮ ಇಟ್ಟೆಯೇನೇ? ಬರೀ ರಂಗೋಲಿ ಬಿಡಬಾರದು."

ಆ ದಿನ ಆಫೀಸಿಗೆ ಇಳಿಯುತ್ತಿದ್ದ ಅಕ್ಕ ನಿಂತು ಬಗ್ಗಿ ನೋಡಿದರು. ಎಲ್ಲೂ ಕೈ ಎತ್ತದೆ, ಒಂದೇ ಗೆರೆ ಚುಕ್ಕೆಗಳನ್ನೆಲ್ಲ ಸುತ್ತಿ ಬಂದು ಹೊರಟಲ್ಲಿಗೇ ಸೇರುವ ರಂಗೋಲಿ ಅದು.

"ಇದು ಯಾರದ್ದು?"

"ನಾನೇ ಹಾಕಿದ್ದು ಅಕ್ಕ."

"ಹಾಕಿದ್ದು ನೀನು, ಅದು ಗೆರೆ ನೋಡುವಾಗಲೇ ಗೊತ್ತಾಗ್ತದೆ. ಹೇಳಿದ್ದು ಯಾರು?"

"ಅತ್ತೆ."

"ಅವರಿಗೆ ಹೇಳಿದ್ದು?"

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಕೇಳಬೇಕೆಂದು ತೋಚಿರಲೂ ಇಲ್ಲ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ದಿನ ಅವರ ಲೋಕಲ್ ತಪ್ಪಿತು.

ಅತ್ತೆ ಮೊದಲು, "ಅಯ್ಯೋ ಬಿಡಮ್ಮ, ರಂಗೋಲಿಗೆಲ್ಲ ಯಾರಾದ್ರೂ ಹೆಸರು ಕೇಳ್ತಾರಾ" ಎಂದರು. ಆಮೇಲೆ ಅಕ್ಕಿಯ ಕಲ್ಲು ಆರಿಸುತ್ತಾ ಹೇಳಿದರು. ಅವರ ತಂದೆಗೆ ಒಬ್ಬ ಅಕ್ಕ ಇದ್ದರು. ಎಳೆಯ ವಯಸ್ಸಿಗೇ ಗಂಡ ಹೋಗಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿನ ಹಿತ್ತಲ ಕೋಣೆಯಲ್ಲಿ ಇಟ್ಟಿದ್ದರು. ಬೆಳಿಗ್ಗೆ ಬಾಗಿಲಿಗೆ ಅವರು ಬರುವ ಹಾಗಿರಲಿಲ್ಲ. ಹೊರಗೆ ಹೊರಟವರ ಕಣ್ಣಿಗೆ ಬೀಳಬಾರದು. ರಂಗೋಲಿಯ ಮಾತು ದೂರವೇ ಉಳಿಯಿತು. ಆದರೆ ಮೊರದಲ್ಲಿ ಅಕ್ಕಿ ಆರಿಸುವಾಗ ಅದೇ ಅಕ್ಕಿಯ ಕಾಳುಗಳನ್ನು ಚುಕ್ಕೆಯಿಟ್ಟು, ಬೆರಳಿನಿಂದ ಗೆರೆ ಓಡಿಸಿ, ಹೊಸ ಹೊಸ ರಂಗೋಲಿ ಕಟ್ಟುತ್ತಿದ್ದರು. ಯಾರಾದರೂ ಬಂದ ಸದ್ದಾದರೆ ಮೊರವನ್ನೊಮ್ಮೆ ಕೊಡವಿದರೆ ಆಯಿತು. ಬರೀ ಅಕ್ಕಿ. ಪಕ್ಕದಲ್ಲಿ ಕೂತ ಹುಡುಗಿ ನೋಡಿ ಕಲಿತು, ಮರುದಿನ ಹೊಸಿಲಿಗೆ ಹಾಕುವಳು. ಊರವರೆಲ್ಲ ಈ ಹುಡುಗಿಯ ಕೈ ಚೆನ್ನ ಎಂದರು.

"ನಾನೂ ನಂದೇ ಅನ್ನೋ ಹಾಗೆ ಇದ್ಬಿಟ್ಟೆ. ಮಕ್ಕಳ ಬುದ್ಧಿ" ಎಂದರು ಅತ್ತೆ.

"ಅವರ ಹೆಸರೆಂತ?" ಕಿವಿಯ ಮೇಲಿನ ಪೆನ್ಸಿಲ್ ಅಕ್ಕನ ಕೈಗೆ ಬಂದಿತ್ತು.

ಅತ್ತೆ ಕೈಯಲ್ಲಿದ್ದ ಅಕ್ಕಿಯನ್ನು ಬದಿಗಿಟ್ಟರು. ಮನೆಯಲ್ಲೆಲ್ಲ ಮಡಿ ಅತ್ತೆ ಎಂದೇ ಕರೆಯುತ್ತಿದ್ದರಂತೆ. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಆ ಮನೆಯಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. "ಇತ್ತಮ್ಮ ಹೆಸರು. ಇಲ್ಲದೆ ಇರುತ್ತಾ. ಬರ್ತಾ ಇಲ್ಲ" ಎಂದರು. ಆ ದಿನವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಮಗನನ್ನು ಕೇಳಿದರು, ಅವನಿಗೆಲ್ಲಿ ಗೊತ್ತು. ಮಾರನೆಯ ದಿನ ನಾನು ಬಟ್ಟೆ ಒಣಗಿಸಿ ಒಳಗೆ ಬಂದರೆ ಅತ್ತೆ ಮನೆಯಲ್ಲಿಲ್ಲ. ಮಂಡಿ ನೋವೆಂದು ಮೆಟ್ಟಿಲು ಹತ್ತದವರು ಗೋಡೆ ಹಿಡಿದು ಮೂರನೇ ಮಾಳಿಗೆಗೆ ಹೋಗಿದ್ದರು. ನಾನು ಓಡಿಹೋಗುವಷ್ಟರಲ್ಲಿ ಅಕ್ಕನ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು.

"ತುಂಗಾ. ತುಂಗಮ್ಮ ಅಂತ. ಬರ್ಕೋ."

ಹೊಸಿಲಿಗೆ ರಂಗೋಲಿ ಹಾಕದ ಅತ್ತೆ, ಅಕ್ಕ ತಂದುಕೊಟ್ಟ ಕಪ್ಪು ಕಾಗದದ ಮೇಲೆ ಅಕ್ಕಿಹಿಟ್ಟು ಕಲಸಿ ಬೆರಳಿನಿಂದ ಹಾಕಿದರು. ಕಾಗದವಲ್ಲವೇ, ಬಾಗಿಲಲ್ಲವಲ್ಲ. ಅಷ್ಟು ವರ್ಷ ಬಿಟ್ಟಿದ್ದರೂ ಕೈ ಎಲ್ಲೂ ತಡೆಯಲಿಲ್ಲ. ಅಕ್ಕ ಪಕ್ಕದಲ್ಲಿ ಕುಳಿತು ಗೆರೆ ಯಾವ ಚುಕ್ಕೆಯಿಂದ ಹೊರಟು ಯಾವ ಕಡೆ ತಿರುಗಿತೆಂದು ಬರೆದುಕೊಂಡರು. ಆ ಕಾಗದ ದಾದರಿಗೆ ಹೋಗಿ, ಏಸಿ ಕೋಣೆಯಲ್ಲಿ ಪಟ್ಟಿಪಟ್ಟಿಯಾಗಿ ಸ್ಕ್ಯಾನರಿನ ಕೆಳಗೆ ಹಾದು, ಬಣ್ಣದ ರಿಬ್ಬನ್ನಿನ ಪ್ರಿಂಟರಿನಿಂದ ಅಂಚಿನಲ್ಲಿ ತೂತುತೂತಿದ್ದ ಉದ್ದ ಕಾಗದದ ಮೇಲೆ ಹೊರಗೆ ಬಂತು. ಪಟ್ಟಿಗಳ ಕೀಲು ಒಂದಕ್ಕೊಂದು ಸರಿಯಾಗಿ ಕೂತಿರಲಿಲ್ಲ. ಅಕ್ಕ ಅದನ್ನು ಮುಚ್ಚಲಿಲ್ಲ, ಅಂಚಿನ ತೂತುಗಳನ್ನೂ ಹರಿಯಲಿಲ್ಲ. "ಇದೇನು, ಸ್ಟೇಷನ್ನಿನ ರಿಸರ್ವೇಶನ್ ಚಾರ್ಟಿನ ಹಾಗಿದೆ" ಎಂದು ನಮ್ಮವರು ನಕ್ಕರು. ಆ ಪಟ್ಟಿಗಳ ಕೆಳಗೆ ಕಾಫಿ ಬಣ್ಣದ ಕಾಗದ, ನಡುನಡುವೆ ನಿಜವಾದ ಅಕ್ಕಿಯ ಕಾಳು ಅಂಟಿಸಿ, ಮೊರದ ಬಿದಿರಿನ ಹೆಣಿಗೆಯನ್ನು ಕೈಯಿಂದ ಬಣ್ಣದಲ್ಲಿ ಬರೆದರು. ದೂರದಿಂದ ನೋಡಿದರೆ ಮೊರ. ಹತ್ತಿರ ಹೋದರೆ ರಂಗೋಲಿ. ಇನ್ನೂ ಹತ್ತಿರ ಹೋದರೆ ಪ್ರಿಂಟರಿನ ಚುಕ್ಕೆಗಳು.

ನಗರದ ದೊಡ್ಡ ಗ್ಯಾಲರಿಯೊಂದರ ಪ್ರದರ್ಶನಕ್ಕೆ ಅದು ಆಯ್ಕೆಯಾಯಿತು. ಸ್ಟುಡಿಯೋದಿಂದ ನಿವೃತ್ತಿಗೆ ಹತ್ತಿರವಾಗಿದ್ದ ಅಕ್ಕನಿಗೆ ಅದು ಮೊದಲ ಪ್ರದರ್ಶನ. ತುಂಬಿಕೊಟ್ಟ ಅರ್ಜಿಯಲ್ಲಿ ಬೆನ್ನ ಮೇಲಿದ್ದುದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಬರೆದು, ಚಿತ್ರದ ಪಕ್ಕದಲ್ಲಿ ಇದನ್ನು ಹಾಕಬೇಕೆಂದು ಕೇಳಿದ್ದರು. ಅತ್ತೆಗೂ ಹೇಳಿದ್ದರು. "ಅಮ್ಮ, ನಿಮ್ಮ ತುಂಗಮ್ಮನ ಹೆಸರು ಗೋಡೆಯ ಮೇಲೆ ಬರ್ತದೆ, ನೀವು ಬಂದು ನೋಡ್ಬೇಕು." ಪಾರ್ಲೆಯಿಂದ ಆಚೆ ಹೋಗುವುದೆಂದರೆ ಬೇಸರಪಡುತ್ತಿದ್ದ ಅತ್ತೆ ಆ ದಿನ ನಮಗಿಂತ ಮೊದಲೇ ಸಿದ್ಧ. ಹೊರಡುವಾಗ ದೇವರ ಮುಂದಿನ ಕುಂಕುಮದ ಭರಣಿಯಿಂದ ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾನು ನೋಡಿದೆ.

ನಾವು ಹೋಗುವಷ್ಟರಲ್ಲಿ ಅಕ್ಕನ ಅಣ್ಣ ಬಂದಿದ್ದರು. ಗಲ್ಲಾವನ್ನು ಬೇರೆಯವರಿಗೆ ಒಪ್ಪಿಸಿ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದವರು ಚಿತ್ರವನ್ನು ನೋಡುತ್ತಿರಲಿಲ್ಲ. ಪಕ್ಕದಲ್ಲಿ ಅಂಟಿಸಿದ್ದ ಸಣ್ಣ ಕಾರ್ಡಿನ ಮೇಲೆ ಅಚ್ಚಾಗಿದ್ದ ತಂಗಿಯ ಹೆಸರಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿಕೊಳ್ಳುತ್ತಿದ್ದರು. ಹೆಸರಿನ ಕೆಳಗೆ ಮಿಕ್ಸೆಡ್ ಮೀಡಿಯಾ ಎಂಬ ಎರಡೇ ಪದ. ಬೇರೇನೂ ಇಲ್ಲ.

"ಎಲ್ಲಿದೆ? ಓದೇ" ಎಂದರು ಅತ್ತೆ. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ನಾನು ಅಕ್ಕನ ಮುಖ ನೋಡಿದೆ.

ಅಕ್ಕ ಹೋಗಿ ವ್ಯವಸ್ಥಾಪಕರನ್ನು ಕರೆತಂದರು. ಖಾದಿ ಜುಬ್ಬಾದ, ಮೃದುವಾಗಿ ಮಾತಾಡುವ ಮನುಷ್ಯ. "ಮಿಕ್ಸೆಡ್ ಮೀಡಿಯಾ ಲಿಖಾ ಹೈ ನಾ ಮ್ಯಾಡಮ್. ಸಬ್ ಉಸೀ ಮೇ ಆ ಗಯಾ" ಎಂದರು. ಎಲ್ಲ ಅದರಲ್ಲೇ ಬಂದ ಹಾಗಾಯಿತಲ್ಲ ಎಂದು. ಆಮೇಲೆ ದನಿ ತಗ್ಗಿಸಿ, ಅವರದೇ ಒಳ್ಳೆಯದಕ್ಕೆಂಬಂತೆ ವಿವರಿಸಿದರು. ಅಷ್ಟುದ್ದ ಬರೆದರೆ ಜನ ಓದಿಕೊಂಡು ಹೋಗುತ್ತಾರೆ, ಚಿತ್ರ ನೋಡುವುದಿಲ್ಲ. ಅದೂ ಅಲ್ಲದೆ ಕಂಪ್ಯೂಟರ್ ಎಂದು ಬರೆದರೆ ಹಿರಿಯ ಕಲಾವಿದರು ಯಂತ್ರ ಮಾಡಿದ ಕೆಲಸವೆಂದು ಆಡಿಕೊಳ್ಳುತ್ತಾರೆ. ಹೆಸರು ಬಂದಿದೆ, ಅದು ಸಾಲದೇ.

ಅಕ್ಕ ಸ್ವಲ್ಪ ಹೊತ್ತು ಬೆರಳ ತುದಿಯ ಅಂಟನ್ನು ಉಜ್ಜುತ್ತಾ ನಿಂತರು. ಆಮೇಲೆ ಕಾರ್ಡಿನ ಮೂಲೆಗೆ ಉಗುರು ಹಾಕಿ, ಸ್ಟುಡಿಯೋದಲ್ಲಿ ತಪ್ಪಾಗಿ ಅಂಟಿದ ಅಕ್ಷರವನ್ನು ಎತ್ತುವ ಹಾಗೆ, ಹರಿಯದಂತೆ ಮೆಲ್ಲಗೆ ಎಬ್ಬಿಸಿ ತೆಗೆದರು.

ಅಣ್ಣ ಗಾಬರಿಯಾದರು. "ಎಂತ ಮಾಡ್ತೀಯ ಮಾರಾಯ್ತಿ, ಇಷ್ಟು ವರ್ಷಕ್ಕೆ ಒಮ್ಮೆ ಬಂದದ್ದು ನಿನ್ನ ಹೆಸರು. ಇರಲಿ ಬಿಡು. ಅಮ್ಮ ಇದ್ದಿದ್ದರೆ..."

"ಅಮ್ಮನಿಗೆ ಕಾಣದ ಹಾಗೆ ಮಾಡಿದವನೂ ಇದನ್ನೇ ಹೇಳಿದ್ದು ಅಣ್ಣ. ನೀನೂ ಅದರಲ್ಲೇ ಬಂದೆಯಲ್ಲ ಅಂತ." ಅಕ್ಕ ಕಾರ್ಡನ್ನು ಪರ್ಸಿಗೆ ಹಾಕಿಕೊಂಡರು. "ಹಾಕುವುದಾದರೆ ಎಲ್ಲರದ್ದೂ ಹಾಕಲಿ. ಇಲ್ಲದಿದ್ದರೆ ನನ್ನದೊಂದು ಯಾಕೆ."

ಅಣ್ಣ ಕಾರ್ಡಿದ್ದ ಜಾಗದಲ್ಲಿ ಗೋಡೆಯ ಮೇಲೆ ಉಳಿದ ಅಂಟಿನ ಗುರುತನ್ನು ನೋಡುತ್ತಾ ನಿಂತರು. ಆ ಕಾರ್ಡನ್ನು ಅಕ್ಕನೇ ಕಿತ್ತಿಟ್ಟುಕೊಂಡ ಮೇಲೆ ನಾನಾದರೂ ಯಾಕೆಂದು, ಇಲ್ಲಿ ಅವರ ಹೆಸರು ಬರೆದಿಲ್ಲ.

ಅತ್ತೆಗೆ ಹಿಂದಿ ಅರ್ಧ ತಿಳಿದಿತ್ತು, ಅರ್ಧ ಇಲ್ಲ. ಅಕ್ಕ ಅವರ ಹತ್ತಿರ ಬಂದು, "ಅಮ್ಮ, ಬರೆಯಲಿಕ್ಕೆ ಬಿಡುವುದಿಲ್ಲವಂತೆ. ನಾನು ಇಲ್ಲೇ ನಿಲ್ತೇನೆ. ಬಂದವರಿಗೆಲ್ಲ ಬಾಯಲ್ಲೇ ಹೇಳ್ತೇನೆ" ಎಂದರು.

"ತುಂಗತ್ತೆ ಅಂತ ಹೇಳ್ತೀಯಾ?"

"ಮೊದಲು ಅದನ್ನೇ ಹೇಳುವುದು."

ಅತ್ತೆ ತಲೆಯಾಡಿಸಿದರು. ಸೆರಗಿನ ಗಂಟು ಬಿಚ್ಚಿದರು. ಚಿತ್ರದ ಮುಂದೆ ಹೋಗಿ, ಕುಂಕುಮದಲ್ಲಿ ಅದ್ದಿದ ಉಂಗುರದ ಬೆರಳನ್ನು ರಂಗೋಲಿಯ ನಡುವಿನ ಚುಕ್ಕೆಯ ಮೇಲೆ, ಗಾಜಿಗೆ, ಒತ್ತಿದರು. ತಮ್ಮ ಹಣೆಗೆ ಇಟ್ಟುಕೊಳ್ಳುವುದನ್ನು ಬಿಟ್ಟವರು. ತುಂಗಮ್ಮನಂತೂ ಅತ್ತೆಗೆ ನೆನಪಿರುವ ಕಾಲದಿಂದ ಅದನ್ನು ಮುಟ್ಟಿದವರೇ ಅಲ್ಲ. ಒಂದಿಷ್ಟು ಪುಡಿ ಜಾರಿ ಫ್ರೇಮಿನ ಅಂಚಿನಲ್ಲಿ ನಿಂತಿತು.

"ಅರೆ ಅರೆ, ಮಾಜೀ" ಎನ್ನುತ್ತಾ ಜುಬ್ಬಾದವರು ಕರವಸ್ತ್ರ ತೆಗೆದು ಓಡಿಬಂದರು. ಅಕ್ಕ ನಡುವೆ ಕೈ ಅಡ್ಡ ಇಟ್ಟರು.

"ರೆಹೆನೇ ದೋ. ಅದು ಚಿತ್ರದ್ದೇ" ಎಂದರು. ಅರ್ಧ ಹಿಂದಿ, ಅರ್ಧ ಕನ್ನಡ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಚಿತ್ರವನ್ನು ಗೋಡೆಯಿಂದ ಸ್ವಲ್ಪ ಎತ್ತಿ, ತಲೆ ಓರೆ ಮಾಡಿ ಬೆನ್ನ ಮೇಲೆ ಏನೋ ಬರೆದರು. ಆ ಹೊತ್ತಿನಲ್ಲಿ ಅವರು ನಗುತ್ತಿದ್ದರೋ ಅಳುತ್ತಿದ್ದರೋ, ಗೋಡೆಯ ಕಡೆ ಮುಖವಿದ್ದುದರಿಂದ ತಿಳಿಯಲಿಲ್ಲ.

ಪ್ರದರ್ಶನ ಇದ್ದಷ್ಟು ದಿನವೂ ರಜೆ ಹಾಕಿ ಆ ಚಿತ್ರದ ಪಕ್ಕದಲ್ಲಿ ನಿಂತರು. ಹೆಸರಿಲ್ಲದ ಚಿತ್ರ ಅದೊಂದೇ ಆದ್ದರಿಂದ ಬಂದವರು ಅದರ ಮುಂದೆಯೇ ನಿಂತು, ಇದು ಯಾರದ್ದು ಎಂದು ಕೇಳುತ್ತಿದ್ದರಂತೆ. ಮೊರದಿಂದ ಹಿಡಿದು ಸ್ಕ್ಯಾನರಿನವರೆಗೆ ಹೇಳಿ ಹೇಳಿ ದನಿ ಬಿದ್ದುಹೋಗಿ, ವಾರವೆಲ್ಲ ನಮ್ಮ ಮನೆಯಿಂದ ಮೆಣಸಿನ ಕಷಾಯ ಹೋಯಿತು. ಅತ್ತೆ ಫ್ಲಾಸ್ಕಿಗೆ ತುಂಬಿಸಿಕೊಡುತ್ತಾ, "ಪುಸ್ತಕಕ್ಕೆ ಗಂಟಲು ಕಟ್ಟಿದೆ" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಅಕ್ಕ ಘಾಟ್ಕೋಪರಿಗೆ, ಅಣ್ಣನ ಮನೆಗೆ ಹೋದರು. ಅಪರೂಪಕ್ಕೆ ದಾದರಿನ ಸೇತುವೆಯ ಮೇಲೆ ಸಿಕ್ಕರೆ ಇಬ್ಬರೂ ಬದಿಗೆ ನಿಂತು, ಜನ ತಳ್ಳಿಕೊಂಡು ಹೋಗುತ್ತಿರುವಾಗಲೇ ಮಾತಾಡುವೆವು. ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನೂ ತಿರುವಿ, ಯಾವ ಭಾಷೆಯ ಪೇಪರಿನಲ್ಲಿ ಕಟ್ಟಿದ್ದಾನೆಂದು ನೋಡುವರು. ಅತ್ತೆ ತೀರಿಕೊಂಡಾಗ ಬಂದು, ಮಣೆಯನ್ನು ನೋಡುತ್ತಾ ಬಹಳ ಹೊತ್ತು ಕೂತು ಹೋದರು. ಅತ್ತೆ ಹೋದ ಮೇಲೆ ಒಳಗಿನಿಂದ ಹೇಳಿಕೊಡುವವರಿಲ್ಲದೆ ನಾನು ಮೊದಮೊದಲು ಬರೀ ಎರಡು ಗೆರೆ ಎಳೆಯುತ್ತಿದ್ದೆ. ಆಮೇಲೆ ಅಂಗಡಿಯಲ್ಲಿ ಸಿಗುವ ಅಂಟಿಸುವ ಪ್ಲಾಸ್ಟಿಕ್ ರಂಗೋಲಿ ತಂದು ಹೊಸಿಲಿಗೆ ಹಾಕಿಬಿಟ್ಟೆ.

ಹೋದ ತಿಂಗಳು ಅಕ್ಕನೂ ಹೋದರು. ಕೆಲಸಗಳೆಲ್ಲ ಮುಗಿದ ಮೇಲೆ ಅವರಣ್ಣನ ಮಗಳು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಸುತಳಿ ಕಟ್ಟಿದ ಚಿತ್ರವನ್ನು ಹಿಡಿದು ಬಂದಳು. ಅಕ್ಕ ಅವಳಿಗೆ ಅತ್ತೆ. ಕನ್ನಡ ತಡವರಿಸುತ್ತಾಳೆ. "ಆಂಟಿ, ಅತ್ತೆ ಬೋಲೀ ಥೀ, ಇದು ನಿಮಗೇ ಕೊಡ್ಲಿಕ್ಕೆ. ಲೇಕಿನ್ ಸಾಮ್ನೇ ಕುಛ್ ದಿಖ್ತಾ ನಹೀ. ಕಿಟಕಿ ಹತ್ತಿರ ಇತ್ತು, ಕಲರ್ ಎಲ್ಲ ಹೋಗಿದೆ" ಎಂದು, ಎದುರು ಏನೂ ಕಾಣದ್ದು ತನ್ನದೇ ತಪ್ಪೆಂಬಂತೆ ನಿಂತಳು.

ನಿಜ. ಬಿಸಿಲಿಗೆ ಪ್ರಿಂಟರಿನ ಬಣ್ಣವೆಲ್ಲ ಹಾರಿ, ಗೆರೆಯಿದ್ದ ಕಡೆ ತೆಳ್ಳಗಿನ ಹಳದಿ. ಮೊರದ ಹೆಣಿಗೆ, ಒಂದೆರಡು ಅಕ್ಕಿಯ ಕಾಳು ಉಳಿದಿವೆ. ಗಾಜಿನ ನಡುವೆ ಕಂದುಗೆಂಪಿನ ಒಂದು ಬೆರಳ ಗುರುತು.

ಅವಳಿಗೆ ಕಾಫಿ ಕೊಟ್ಟು ಕಳಿಸಿ, ಚಿತ್ರವನ್ನು ಊಟದ ಮೇಜಿನ ಮೇಲೆ ಮಗುಚಿದೆ. ಒಂದಕ್ಷರವೂ ಮಾಸಿಲ್ಲ. "ಕಟ್ಟಿದ್ದು, ತುಂಗಮ್ಮ, ಮೊರದ ಮೇಲೆ, ಅಕ್ಕಿಯಲ್ಲಿ" ಎಂದು ಆರಂಭ. ಆಮೇಲೆ ಅತ್ತೆಯ ಹೆಸರು, ನನ್ನ ಹೆಸರು. ಚುಕ್ಕೆ ಇಡುವ ರೀತಿ, ಗೆರೆ ಎಲ್ಲಿಂದ ಹೊರಟು ಎಲ್ಲಿ ಒಳಗೆ ತಿರುಗುತ್ತದೆ ಎಂಬುದು. ಸ್ಕ್ಯಾನರ್ ಎಳೆಯುವಾಗ ಮೂರನೇ ಪಟ್ಟಿಯಲ್ಲಿ ಕೈ ನಡುಗಿದ್ದು. ಎಲ್ಲಕ್ಕೂ ಕೆಳಗೆ, ಎತ್ತಿಹಿಡಿದು ಬರೆದದ್ದರಿಂದ ಸೊಟ್ಟಗಾದ ಅಕ್ಷರದಲ್ಲಿ, "ಕುಂಕುಮ, ಕೆಳಗಿನ ಮನೆಯ ಅಮ್ಮ, ಬೆರಳಿನಿಂದ, ಗಾಜಿನ ಮೇಲೆ. ಒರೆಸಬಾರದು."

ಮರುದಿನ ಬೆಳಿಗ್ಗೆ ಹೊಸಿಲಿನ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಕೆರೆದು ತೆಗೆದೆ. ಚಿತ್ರವನ್ನು ಬೆನ್ನು ಮುಂದೆ ಮಾಡಿ ಬಾಗಿಲಿಗೆ ಒರಗಿಸಿಟ್ಟುಕೊಂಡು, ಕನ್ನಡಕ ಏರಿಸಿ ಏರಿಸಿ ಓದುತ್ತಾ ಚುಕ್ಕೆ ಇಟ್ಟೆ. ಗೆರೆ ಎರಡು ಸಲ ತಪ್ಪಿತು, ಒರೆಸಿದೆ. ಮೂರನೆಯ ಸಲ ಹೊರಟಲ್ಲಿಗೇ ಬಂದು ಸೇರಿತು. ನಡುವೆ ಕುಂಕುಮ ಇಡುತ್ತಿದ್ದಾಗ, ಈಗ ಮೂರನೇ ಮಾಳಿಗೆಯಲ್ಲಿರುವ ಮರಾಠಿ ಹುಡುಗಿ ಕಾಲೇಜಿನ ಚೀಲ ಹೆಗಲಿಗೇರಿಸಿ ಇಳಿದು ಬಂದಳು. ದಾಟಿ ಹೋಗುವವಳು ನಿಂತಳು.

"ಆಂಟಿ, ಛಾನ್ ಆಹೆ. ತುಮಚೀ ಡಿಸೈನ್ ಕಾ?" ಚೆನ್ನಾಗಿದೆ, ನಿಮ್ಮದೇ ಡಿಸೈನಾ ಎಂದು.

ನನ್ನದಲ್ಲ, ತುಂಗಮ್ಮನದ್ದು ಎಂದೆ. ಯಾರು ಅವರು ಎಂದಳು. ನಿಂತುಕೊಂಡು ಹೇಳುವುದಲ್ಲ, ಚಪ್ಪಲಿ ಬಿಟ್ಟು ಒಳಗೆ ಬಾ ಎಂದೆ.